ವಿಮೆ ಇಲ್ಲದ ಕಾರು, ತಡವಾಗಿ ಬರುವ ನೋಟಿಸು

ಸಣ್ಣ ಅಪಘಾತವೊಂದರಲ್ಲಿ ಕಾರಿನ ಬಂಪರ್ ನೆಗ್ಗಿ, ಬೈಕಿನವನ ಮೊಣಕೈ ತರಚಿ, ಇಬ್ಬರೂ ಅಲ್ಲೇ ಮಾತಾಡಿಕೊಂಡು ಹೊರಟುಹೋದರೂ ಕಾನೂನಿನ ಲೆಕ್ಕದಲ್ಲಿ ಆ ಅಪಘಾತ ಮುಗಿದಿರುವುದಿಲ್ಲ. ವಾರಗಳೋ ತಿಂಗಳುಗಳೋ ಕಳೆದ ಮೇಲೆ ಒಳಪೆಟ್ಟು ಹೊರಬಿದ್ದರೆ ಗಾಯಾಳು ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಯ ಮುಂದೆ ಅರ್ಜಿ ಹಾಕಬಹುದು. ಅಪಘಾತದ ದಿನ ಕಾರಿನ ವಿಮೆ ಚಾಲ್ತಿಯಲ್ಲಿದ್ದರೆ ಆ ಅರ್ಜಿಗೆ ಉತ್ತರ ಕೊಡುವುದು ವಿಮಾ ಕಂಪನಿಯ ಕೆಲಸ. ಇಲ್ಲದಿದ್ದರೆ ಪರಿಹಾರದ ಪೂರ್ತಿ ಹೊಣೆ ಕಾರಿನ ಮಾಲೀಕನದು.

ಕೋಯಿಕ್ಕೋಡಿನಿಂದ ಗುಂಡ್ಲುಪೇಟೆ, ನಂಜನಗೂಡು, ಮೈಸೂರು, ತಿ. ನರಸೀಪುರ ಹಾಯ್ದು ಕೊಳ್ಳೇಗಾಲಕ್ಕೆ ಹೋಗುವ ರಾಷ್ಟ್ರೀಯ ಹೆದ್ದಾರಿ 766ರಲ್ಲೂ, ಸುತ್ತೂರಿನ ಕಡೆಯಿಂದ ನಂಜನಗೂಡು, ನರಸೀಪುರ ಎರಡನ್ನೂ ಕೂಡಿಸುವ ಒಳರಸ್ತೆಗಳಲ್ಲೂ ಇಂಥ ಅಪಘಾತಗಳು ಹೊಸತಲ್ಲ. ಅಳಗಂಚಿಯ ಸಕ್ಕರೆ ಕಾರ್ಖಾನೆಗೆ ಕಬ್ಬು ಸಾಗುವ ಕಾಲದಲ್ಲಿ ಹಿಂದೆ ದೀಪವಿಲ್ಲದ ಟ್ರ್ಯಾಕ್ಟರುಗಳು ಅರ್ಧ ರಸ್ತೆ ಹಿಡಿದಿರುತ್ತವೆ. ಹುಣ್ಣಿಮೆ, ಸೋಮವಾರಗಳಂದು ನಂಜನಗೂಡಿನ ಶ್ರೀಕಂಠೇಶ್ವರನ ದರ್ಶನಕ್ಕೆ ಬರುವವರ ವಾಹನಗಳ ಸಂದಣಿ ಬೇರೆ. ಸುಗ್ಗಿಯಲ್ಲಿ ಹುರುಳಿಯನ್ನು ಡಾಂಬರಿನ ಮೇಲೆಯೇ ಹರಡಿ ಒಕ್ಕಣೆಗೆ ಬಿಡುತ್ತಾರೆ. ಅದರ ಸೊಪ್ಪಿನ ಮೇಲೆ ಬ್ರೇಕು ಹಿಡಿಯದು, ಬೈಕು ಜಾರುತ್ತದೆ, ಹಿಂದಿನ ಕಾರು ತಗಲುತ್ತದೆ. ತಕ್ಷಣ ನಾಲ್ಕು ಜನ ಸೇರುತ್ತಾರೆ. ‘ಕೇಸು ಗೀಸು ಬ್ಯಾಡ ಕಣಣ್ಣ, ಸ್ಟೇಷನ್ನು ಕೋರ್ಟು ಅಂತ ಯಾರು ಅಲೀತಾರೆ’ ಎಂದು ಹಿರಿಯರೊಬ್ಬರು ಹೇಳುತ್ತಾರೆ, ಆಸ್ಪತ್ರೆ ಖರ್ಚಿಗೆಂದು ಒಂದೆರಡು ಸಾವಿರ ಕೈ ಬದಲಾಗುತ್ತದೆ. ಈ ಪದ್ಧತಿಯನ್ನು ಹಗುರವಾಗಿ ಕಾಣಬೇಕಾಗಿಲ್ಲ. ಜಗಳವನ್ನು ರಸ್ತೆಯಲ್ಲೇ ತಣಿಸುವ ಸೌಜನ್ಯ ಅದರಲ್ಲಿದೆ, ಬಹುಪಾಲು ಸಲ ಅಷ್ಟೇ ಸಾಕಾಗುತ್ತದೆ. ಆದರೆ ಅಲ್ಲಿ ಸೇರಿದ ಯಾರೂ ಗಾಯಾಳುವಿನ ಮೈಯೊಳಗೆ ನೋಡಲಾರರು.

ತಡವಾಗಿ ಕಾಣುವ ಪೆಟ್ಟುಗಳು ವೈದ್ಯಶಾಸ್ತ್ರಕ್ಕೆ ಚೆನ್ನಾಗಿ ಗೊತ್ತಿರುವಂಥವೇ. ಬೈಕಿನಿಂದ ಬೀಳುವವನು ಅಂಗೈ ಊರುತ್ತಾನೆ. ಆಗ ಮಣಿಕಟ್ಟಿನಲ್ಲಿ, ಹೆಬ್ಬೆರಳ ಬುಡದ ಬದಿಗಿರುವ ಸ್ಕ್ಯಾಫಾಯ್ಡ್ ಎಂಬ ಚಿಕ್ಕ ಮೂಳೆ ಸೀಳಬಹುದು. ಮೊದಲ ದಿನದ ಎಕ್ಸ್‌ರೇಯಲ್ಲಿ ಆ ಸೀಳು ಎಷ್ಟೋ ಸಲ ಕಾಣುವುದಿಲ್ಲ. ಹತ್ತು ಹದಿನಾಲ್ಕು ದಿನ ಬಿಟ್ಟು ಮತ್ತೆ ತೆಗೆದಾಗ ಕಾಣುತ್ತದೆ. ಉಳುಕು ಎಂದುಕೊಂಡು ಎಣ್ಣೆ ನೀವಿಸಿಕೊಂಡು ಬಿಟ್ಟರೆ ಮೂಳೆ ಕೂಡದೆ ಹಿಡಿತವೇ ಹೋಗುತ್ತದೆ. ಗುದ್ದಲಿ, ಕುಡುಗೋಲು ಹಿಡಿದು ದುಡಿಯುವವರಿಗೆ ಆ ಹಿಡಿತವೇ ಅನ್ನ. ತಲೆಯ ಪೆಟ್ಟು ಇನ್ನೂ ಮೋಸದ್ದು. ವಯಸ್ಸಾದವರಲ್ಲಿ ಮಿದುಳಿನ ಹೊದಿಕೆಯ ಕೆಳಗೆ ರಕ್ತ ನಿಧಾನವಾಗಿ ಜಿನುಗಿ, ಮೂರು ವಾರಗಳೋ ಅದಕ್ಕೂ ಹೆಚ್ಚೋ ಆದ ಮೇಲೆ ತಲೆನೋವು, ಮರೆವು, ಕಾಲೆಳೆತವಾಗಿ ತೋರುತ್ತದೆ. ಆದ್ದರಿಂದ ತಡವಾಗಿ ಬಂದ ಅರ್ಜಿಯೆಂದರೆ ದುಡ್ಡಿನ ಆಸೆಯ ಅರ್ಜಿ ಎಂದು ಮೊದಲೇ ತೀರ್ಮಾನಿಸುವುದು ಅನ್ಯಾಯ.

ಗಾಯ ನಿಜವಾಗಿದ್ದರೂ ಅದನ್ನು ಆ ದಿನದ ಕಾರಿಗೆ ಜೋಡಿಸುವುದು ದಾಖಲೆ. ಇಲ್ಲಿ ಬಹಳ ಜನ ಎಡವುವುದು ಒಂದೇ ಕಡೆ. ರಸ್ತೆ ಅಪಘಾತ ಎಂದರೆ ಆಸ್ಪತ್ರೆಯವರು ಎಂಎಲ್‌ಸಿ (ಮೆಡಿಕೋ-ಲೀಗಲ್ ಕೇಸು) ಮಾಡಿ ಪೊಲೀಸರಿಗೆ ತಿಳಿಸುತ್ತಾರೆಂಬ ಹೆದರಿಕೆಯಿಂದ, ಚೀಟಿ ಬರೆಯುವ ವೈದ್ಯರ ಮುಂದೆ ಗಾಯಾಳು ‘ಬಚ್ಚಲಲ್ಲಿ ಜಾರಿಬಿದ್ದೆ’ ಎನ್ನುತ್ತಾನೆ. ಹೊರರೋಗಿ ಚೀಟಿಯಲ್ಲಿ ‘ತಾನಾಗಿ ಬಿದ್ದದ್ದು’ ಎಂಬ ಒಂದು ಸಾಲು ಸೇರುತ್ತದೆ. ಮುಂದೆ ಮೈಸೂರಿನ ಕೆ.ಆರ್. ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆಯೇ ಆದರೂ, ನ್ಯಾಯಮಂಡಳಿಯಲ್ಲಿ ಎದುರು ವಕೀಲರು ಮೊದಲು ತೆಗೆದು ತೋರಿಸುವುದು ಆ ಸಾಲನ್ನೇ. ವೈದ್ಯರಿಗೆ ಮೊದಲ ದಿನವೇ ನಿಜ ಹೇಳುವುದಕ್ಕೆ ಖರ್ಚಿಲ್ಲ. ಆಮೇಲೆ ಅದನ್ನು ತಿದ್ದುವುದು ಬಲು ಕಷ್ಟ.

ದೂರು ತಡವಾದದ್ದೇ ಅರ್ಜಿಗೆ ಮುಳುವಲ್ಲ. ರವಿ ವಿರುದ್ಧ ಬದರಿನಾರಾಯಣ ಪ್ರಕರಣದಲ್ಲಿ, ಗಾಯಗೊಂಡ ಬಾಲಕನ ಪರವಾಗಿ ತಿಂಗಳುಗಳ ನಂತರ ದೂರು ದಾಖಲಾಗಿತ್ತು. ಎಫ್‌ಐಆರ್ ತಡವಾಯಿತೆಂಬ ಒಂದೇ ಕಾರಣಕ್ಕೆ ಪರಿಹಾರ ನಿರಾಕರಿಸಬಾರದೆಂದು ಸುಪ್ರೀಂ ಕೋರ್ಟ್ 2011ರಲ್ಲಿ ಹೇಳಿತು. ಅರ್ಜಿಯ ಕಾಲಮಿತಿಯ ಕಥೆ ಬೇರೆ. 1988ರ ಮೋಟಾರು ವಾಹನ ಕಾಯ್ದೆಯಲ್ಲಿದ್ದ ಆರು ತಿಂಗಳ ಗಡುವನ್ನು 1994ರಲ್ಲಿ ತೆಗೆದುಹಾಕಲಾಯಿತು. 2019ರ ತಿದ್ದುಪಡಿ ಅದನ್ನು ಮರಳಿ ತಂದಿತು, 2022ರ ಏಪ್ರಿಲ್ 1ರಿಂದ ಅದು ಜಾರಿಯಾಯಿತು. ಗಡುವನ್ನು ಪ್ರಶ್ನಿಸಿದ ಅರ್ಜಿಗಳು ಸುಪ್ರೀಂ ಕೋರ್ಟಿನಲ್ಲಿವೆ. ಅವು ಇತ್ಯರ್ಥವಾಗುವವರೆಗೆ ಅವಧಿ ಮೀರಿತೆಂದು ಪರಿಹಾರದ ಅರ್ಜಿಗಳನ್ನು ವಜಾ ಮಾಡಬಾರದೆಂದು ಅದು 2025ರ ನವೆಂಬರ್‌ನಲ್ಲಿ ಸೂಚಿಸಿತು. ಈ ರಕ್ಷಣೆ ಮಧ್ಯಂತರದ್ದು. ಅದನ್ನು ನಂಬಿ ಕೂರುವುದು ಸರಿಯಲ್ಲ. ಪೊಲೀಸ್ ದಾಖಲೆ ಇದ್ದರೆ ಈ ಆತಂಕವೇ ಕಡಿಮೆ, ಏಕೆಂದರೆ ಪೊಲೀಸರು ಕಳಿಸುವ ಅಪಘಾತ ವರದಿಯನ್ನೇ ನ್ಯಾಯಮಂಡಳಿ ಪರಿಹಾರದ ಅರ್ಜಿಯೆಂದು ಪರಿಗಣಿಸಬೇಕು. 2025ರ ಮೇ ತಿಂಗಳಲ್ಲಿ ಬಂದ ನಗದುರಹಿತ ಚಿಕಿತ್ಸಾ ಯೋಜನೆಯಲ್ಲಿ ಗಾಯಾಳುವಿಗೆ ಒಂದೂವರೆ ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ, ಆದರೆ ಅಪಘಾತದ ದಿನದಿಂದ ಏಳು ದಿನ ಮಾತ್ರ. ಮೂರನೆಯ ವಾರದಲ್ಲಿ ಕಾಣುವ ಪೆಟ್ಟಿಗೆ ಅದು ಒದಗುವುದಿಲ್ಲ.

ಅರ್ಜಿಯನ್ನು ಅಪಘಾತ ನಡೆದ ಜಾಗದ, ಗಾಯಾಳು ವಾಸಿಸುವ ಅಥವಾ ಎದುರುದಾರ ವಾಸಿಸುವ ಊರಿನ ವ್ಯಾಪ್ತಿಯ ನ್ಯಾಯಮಂಡಳಿಯಲ್ಲಿ ಹಾಕಬಹುದು. ಕರ್ನಾಟಕದ ತಾಲ್ಲೂಕುಗಳಲ್ಲಿ ಸಾಮಾನ್ಯವಾಗಿ ಹಿರಿಯ ಸಿವಿಲ್ ನ್ಯಾಯಾಧೀಶರೇ ಈ ಕೆಲಸ ನೋಡುತ್ತಾರೆ. ನಂಜನಗೂಡಿನ ಕಾರು ನರಸೀಪುರದ ಬೈಕಿಗೆ ತಗುಲಿದ್ದರೆ, ಮಾಲೀಕ ಅಲ್ಲಿಗೆ ಅಲೆಯಬೇಕಾಗಬಹುದು.

ನೋಟಿಸು ಬಂದಾಗ ಮಾಲೀಕ ಮಾಡಬಾರದ್ದೆಂದರೆ ಅದನ್ನು ವಾಪಸು ಕಳಿಸುವುದು, ಇಲ್ಲವೇ ಮಡಿಸಿ ಕಪಾಟಿನಲ್ಲಿಡುವುದು. ಹಾಜರಾಗದಿದ್ದರೆ ಏಕಪಕ್ಷೀಯ ಆದೇಶವಾಗುತ್ತದೆ. ಕಾರು ಮಾರಿ ವರ್ಷವಾಯಿತೆಂಬ ಸಮಾಧಾನವೂ ಸಾಲದು. ಮಾಲೀಕತ್ವ ವರ್ಗಾವಣೆಯ ಫಾರಂ 29, 30ಕ್ಕೆ ಸಹಿ ಹಾಕಿ ಕೊಟ್ಟಿದ್ದರೂ, ಆರ್‌ಸಿಯಲ್ಲಿ ಹೆಸರು ಬದಲಾಗದೇ ಇದ್ದರೆ ಹೊಣೆ ಹೆಸರಿದ್ದವನದೇ ಎಂದು ನವೀನ್ ಕುಮಾರ್ ಪ್ರಕರಣದಲ್ಲಿ 2018ರಲ್ಲಿ ತೀರ್ಪಾಗಿದೆ. ತಕರಾರು ಸಲ್ಲಿಸಲು ಮಾಲೀಕನಿಗೆ ನ್ಯಾಯವಾದ ದಾರಿಗಳಿವೆ: ಬೈಕಿನವನ ಅಜಾಗರೂಕತೆಯೂ ಇತ್ತೇ, ಅಪಘಾತಕ್ಕೂ ಆಸ್ಪತ್ರೆಗೂ ನಡುವಿನ ದಿನಗಳಲ್ಲಿ ಬೇರೆ ಪೆಟ್ಟಾಗಿತ್ತೇ, ರಸ್ತೆಯಲ್ಲಿ ಕೊಟ್ಟ ಹಣಕ್ಕೆ ಪುರಾವೆ ಇದೆಯೇ. ಅಪಘಾತವನ್ನು 24 ಗಂಟೆಯೊಳಗೆ ಹತ್ತಿರದ ಠಾಣೆಗೆ ತಿಳಿಸುವುದು ಚಾಲಕನ ಕರ್ತವ್ಯ. ಅದನ್ನು ಮಾಡಿದ್ದವನ ಮಾತಿಗೆ ಈಗ ತೂಕ ಬರುತ್ತದೆ. ವಿಮೆ ಇಲ್ಲದೆ ಓಡಿಸಿದ ಮೊದಲ ತಪ್ಪಿಗೆ ಮೂರು ತಿಂಗಳವರೆಗೆ ಸಜೆ ಅಥವಾ 2,000 ರೂಪಾಯಿ ದಂಡ, ಅಥವಾ ಎರಡೂ ಇವೆ. ಜಫ್ತಿಯಾದ ಕಾರನ್ನು ಭದ್ರತೆ ಕೊಡದೆ ಬಿಡಿಸಿಕೊಳ್ಳಲಾಗದು.

ಮೊತ್ತದ ಲೆಕ್ಕ ಹೀಗೆ. ಚಿಕಿತ್ಸೆಯ ಖರ್ಚು, ದುಡಿಮೆ ನಿಂತ ದಿನಗಳ ಆದಾಯ, ನೋವು ಇವೆಲ್ಲದರ ಜೊತೆಗೆ ಶಾಶ್ವತ ಊನದಿಂದ ಮುಂದೆ ಕಳೆದುಹೋಗುವ ಗಳಿಕೆಯನ್ನೂ ಎಣಿಸುತ್ತಾರೆ. ತಿಂಗಳಿಗೆ 12,000 ರೂಪಾಯಿ ಆದಾಯದ, 40 ವರ್ಷದ ಕೂಲಿಕಾರ್ಮಿಕನಿಗೆ ದುಡಿಮೆಯ ಶಕ್ತಿ ಶೇ 8ರಷ್ಟು ಕುಗ್ಗಿದೆ ಎಂದಿಟ್ಟುಕೊಳ್ಳೋಣ. ವರ್ಷದ ಆದಾಯ 1,44,000. ಆ ವಯಸ್ಸಿಗೆ ಅದನ್ನು ಗುಣಿಸಬೇಕಾದ ಗುಣಕ 15. ಗುಣಿಸಿ ಬಂದ ಮೊತ್ತದ ಶೇ 8 ಎಂದರೆ 1,72,800 ರೂಪಾಯಿ, ಈ ಒಂದು ಬಾಬ್ತಿಗೇ. ಮೂಳೆ ಮುರಿತ ತೀವ್ರ ಗಾಯದ ಸಾಲಿಗೆ ಸೇರುವುದರಿಂದ, ತಪ್ಪು ಯಾರದೆಂದು ಸಾಬೀತು ಮಾಡದೆಯೇ ಎರಡೂವರೆ ಲಕ್ಷ ಕೇಳುವ ಇನ್ನೊಂದು ದಾರಿಯೂ ಕಾಯ್ದೆಯಲ್ಲಿದೆ. 2022ರಲ್ಲಿ ನಿಗದಿಯಾದ ದರದಂತೆ 1,000 ಸಿಸಿಗಿಂತ ಸಣ್ಣ ಎಂಜಿನ್ನಿನ ಖಾಸಗಿ ಕಾರಿಗೆ ಥರ್ಡ್ ಪಾರ್ಟಿ ವಿಮೆಯ ವರ್ಷದ ಕಂತು, ತೆರಿಗೆ ಬಿಟ್ಟು, 2,094 ರೂಪಾಯಿ. ಪರಿಹಾರದ ಮೊತ್ತವನ್ನೂ ಈ ಕಂತನ್ನೂ ಪ್ರತಿ ಪಂಚಾಯಿತಿ ಕಚೇರಿಯ ಗೋಡೆಯ ಮೇಲೆ ಅಕ್ಕಪಕ್ಕ ಬರೆಸುವುದು ಒಳ್ಳೆಯದು.

ಆದೇಶವಾದ ಮೇಲೆ ಹಣ ಕಟ್ಟದಿದ್ದರೆ ಗಾಯಾಳು ಅಮಲ್ಜಾರಿಗೆ ಹೋಗಬಹುದು. ನ್ಯಾಯಮಂಡಳಿ ಜಿಲ್ಲಾಧಿಕಾರಿಗೆ ಪ್ರಮಾಣಪತ್ರ ಕಳಿಸಿ, ಮೊತ್ತವನ್ನು ಭೂಕಂದಾಯದ ಬಾಕಿಯಂತೆ ವಸೂಲಿ ಮಾಡಿಸಲೂ ಬರುತ್ತದೆ. ಆಗ ಮಾಲೀಕನ ಜಮೀನಿಗೇ ಕುತ್ತು. ಮಾಲೀಕ ಹೈಕೋರ್ಟಿಗೆ ಮೇಲ್ಮನವಿ ಹೋಗುವುದಾದರೆ 90 ದಿನದೊಳಗೆ, 25,000 ರೂಪಾಯಿ ಅಥವಾ ಮೊತ್ತದ ಅರ್ಧ, ಯಾವುದು ಕಡಿಮೆಯೋ ಅದನ್ನು ಠೇವಣಿ ಇಟ್ಟು ಹೋಗಬೇಕು. ವಿವಾದದ ಮೊತ್ತ ಒಂದು ಲಕ್ಷಕ್ಕಿಂತ ಕಡಿಮೆಯಿದ್ದರೆ ಮೇಲ್ಮನವಿಗೆ ಅವಕಾಶವಿಲ್ಲ. ಮಾಲೀಕನೂ ಗಾಯಾಳುವಿನಷ್ಟೇ ಬಡವನಾಗಿರುವುದು ಈ ಎರಡು ತಾಲ್ಲೂಕುಗಳಲ್ಲಿ ಅಪರೂಪವಲ್ಲ. ಸಾಲ ಮಾಡಿ ಹಳೆಯ ಕಾರು ಕೊಂಡು ಬಾಡಿಗೆಗೆ ಓಡಿಸುವವನಿಂದ ಒಂದೇ ಸಲಕ್ಕೆ ಲಕ್ಷಗಳು ಹೊರಡುವುದಿಲ್ಲ, ಅಮಲ್ಜಾರಿ ನಡೆಯುತ್ತಲೇ ಇರುತ್ತದೆ, ಗಾಯಾಳುವಿನ ಕೈಗೆ ಏನೂ ಸೇರುವುದಿಲ್ಲ. ಇಂಥ ಕಡೆ ಲೋಕ ಅದಾಲತ್ತಿನ ರಾಜಿಯೇ ಇಬ್ಬರಿಗೂ ಮೇಲು. ಅಲ್ಲಿ ಕಂತು ಕಟ್ಟಲು ಒಪ್ಪಿಕೊಳ್ಳಬಹುದು, ಶುಲ್ಕವಿಲ್ಲ. ತಾಲ್ಲೂಕು ಕಾನೂನು ಸೇವಾ ಸಮಿತಿಯ ಮೂಲಕ ಅರ್ಹರಿಗೆ ಉಚಿತವಾಗಿ ವಕೀಲರೂ ಸಿಗುತ್ತಾರೆ. ರಸ್ತೆಯ ರಾಜಿಗೆ ಇಲ್ಲದ ಬಲ ಈ ರಾಜಿಗಿದೆ: ಅದು ಸಿವಿಲ್ ಕೋರ್ಟಿನ ಡಿಕ್ರಿಗೆ ಸಮ, ಅದರ ಮೇಲೆ ಮೇಲ್ಮನವಿ ಇಲ್ಲ, ಕಂತು ತಪ್ಪಿದರೆ ನೇರವಾಗಿ ಅಮಲ್ಜಾರಿ ಮಾಡಿಸಬಹುದು.