ಶ್ಯಾವಿಗಿ, ಮೆಟಾಲಿಕಾ ಮತ್ತ ಮಾವನೋರ ಏಕತಾರಿ

ಬ್ಯಾಸಗಿ ಬಂತಂದ್ರ ನಮ್ಮ ಆಲಮೇಲದಾಗ ಮಾಳಗಿ ಮ್ಯಾಲ ಕಾಲಿಡಾಕ ಜಾಗಾ ಇರೂದಿಲ್ಲ. ಒಬ್ಬರ ಮನಿ ಮ್ಯಾಲ ಸಂಡಗಿ, ಇನ್ನೊಬ್ಬರ ಮನಿ ಮ್ಯಾಲ ಹಪ್ಪಳ, ಮತ್ತೊಬ್ಬರ ಮನಿ ಮ್ಯಾಲ ಕೆಂಪ ಮೆಣಸಿನಕಾಯಿ. 2023ರ ಏಪ್ರಿಲ್ 14, ಶುಕ್ರವಾರ. ಅಂಬೇಡ್ಕರ್ ಜಯಂತಿ ಸೂಟಿ. ಅವತ್ತ ನಮ್ಮ ಮನ್ಯಾಗ ಶ್ಯಾವಿಗಿ ಪಾಳಿ ಇತ್ತು. ಬಾಜೂಮನಿ ಕಾಕು, ನಮ್ಮ ನೆಗೆಣ್ಣಿ, ಕೆಳಗಿನ ಓಣಿ ಅಕ್ಕಾರು ಎಲ್ಲಾರೂ ಪಡಸಾಲ್ಯಾಗ ಕುಂತಿದ್ವಿ. ಒಬ್ಬಾಕಿ ಹಿಟ್ಟು ನಾದೂದು, ಒಬ್ಬಾಕಿ ಮಷಿನ್ ತಿರುವೂದು, ಒಬ್ಬಾಕಿ ಎಳಿ ಹಿಡದು ಕೋಲಿಗಿ ಹಾಕೂದು.

ನಮ್ಮ ದೊಡ್ಡಾವ ಬೆಂಗಳೂರಿಂದ ಮುಂಜಾನಿನ ಬಂದಿದ್ದ. 30 ವರ್ಷದ ಮಗಾ. ಕೊಟ್ಟ ಚಹಾ ಆರಾಕ ಬಿಟ್ಟು, ಒಳಗಿನ ಖೋಲ್ಯಾಗ ಹೋಗಿ ಸ್ಪೀಕರ್ ಹಚ್ಚಿದ. ಧಡ್ ಧಡ್ ಧಡ್ ಅಂತ ಸುರು ಆತು ನೋಡ್ರಿ. ಕಾಕು ಮಷಿನ್ ತಿರುವೂದು ನಿಂದರಿಸಿ, "ಮನ್ಯಾಗ ಗಿರಣಿ ಯಾವಾಗ ಇಟ್ಟೀರಿ ಯವ್ವಾ?" ಅಂದ್ರು. ಎಲ್ಲಾರೂ ನಕ್ಕಿದ್ದ ನಕ್ಕಿದ್ದು.

ಅದು ಗಿರಣಿ ಅಲ್ಲ, ಮೆಟಾಲಿಕಾ. ಅವರ ಹೊಸಾ ಆಲ್ಬಮ್ ಅವತ್ತ ಜಗತ್ತಿನ ತುಂಬ ಬಿಡುಗಡೆ ಆಗಿತ್ತು. ಹೆಸರು '72 ಸೀಸನ್ಸ್'. ಒಟ್ಟು 12 ಹಾಡು, 77 ನಿಮಿಷ. ಕಡೀ ಹಾಡು ಒಂದ 11 ನಿಮಿಷದ ಮ್ಯಾಲ. ಅಷ್ಟೂ ಮುಗಿಯೂದ್ರಾಗ ನಮ್ಮದು ಅರ್ಧಾ ಹಿಟ್ಟು ಶ್ಯಾವಿಗಿ ಆಗಿತ್ತು. ಆಮ್ಯಾಲ ನಮ್ಮ ಹುಡುಗ ಹೊರಗ ಬಂದು ಕಂಬಕ್ಕ ಆತು ಕುಂತ. ಮಾರಿ ನೋಡಿದ್ರ ಬೆಳಿ ಹೋದ ಒಕ್ಕಲಿಗನ ಹಂಗ ಆಗಿತ್ತು.

"ಏನಾತೋ ತಮ್ಮಾ?"

"ಏನಿಲ್ಲ ಯವ್ವಾ. ಆರೂವರಿ ವರ್ಷ ಕಾದಿದ್ದೆ. ಇವರು ಇನ್ನ ಸಾಕು ಮಾಡಬೇಕು."

ಆ ಕಡೀ ಮಾತು ನನ್ನ ಎದ್ಯಾಗ ಚುಚ್ಚಿದಂಗಾತು. ಯಾಕ ಅನ್ನೂದು ಆಮ್ಯಾಲ ಹೇಳ್ತೀನಿ. ಮೊದಲ ಇವರು ಯಾರು ಅನ್ನೂದು ಹೇಳಬೇಕಲ್ಲ.

"ಮೆಟಲ್ ಸಂಗೀತ ಅಂದ್ರ ಭಾಂಡೆ ಬಡೀತಾರೇನ್ರಿ ಅಕ್ಕಾ?" ಅಂತ ನಮ್ಮ ನೆಗೆಣ್ಣಿ ಕೇಳಿದ್ಲು. ಮೊದಲ ನಾನೂ ಹಂಗ ತಿಳಕೊಂಡಿದ್ದೆ. ಮಗನ ಬಾಯಿಂದ ಕೇಳಿ ಕೇಳಿ ಈಗ ನನಗೂ ಅಷ್ಟಿಷ್ಟು ತಿಳದದ. ಮೆಟಾಲಿಕಾ ಅಮೆರಿಕಾದ ಒಂದು ಮ್ಯಾಳ. 1981ರಾಗ ಲಾಸ್ ಏಂಜಲೀಸ್ ಊರಾಗ ಸುರು ಆದದ್ದು. ಹಾಡಾವ ಜೇಮ್ಸ್ ಹೆಟ್‌ಫೀಲ್ಡ್, ಡ್ರಮ್ ಬಾರಿಸಾವ ಲಾರ್ಸ್ ಉಲ್ರಿಕ್. ಇಬ್ರೂ 1963ರಾಗ ಹುಟ್ಟಿದವರು. ಅಂದ್ರ ಈ ಆಲ್ಬಮ್ ಬಂದಾಗ ಇಬ್ಬರಿಗೂ 59. ಆ ವಯಸ್ಸಿನಾಗ ನಮ್ಮ ಕಡೆ ಮೊಮ್ಮಕ್ಕಳನ್ನ ತೊಡಿ ಮ್ಯಾಲ ಕುಂದ್ರಿಸಿಕೊಂಡು ಇರ್ತಾರ. ಇವರು ಇನ್ನೂ ಊರೂರು ತಿರುಗಿ ಒದರಿ ಹಾಡ್ತಾರ.

ಇವರ ಅಭಿಮಾನಿಗಳಿಗಿ ಬ್ಯಾಸರ ಆಗೂದು ಇದ ಮೊದಲನೇದ್ದಲ್ಲ. ನಮ್ಮ ಹುಡುಗ ಒಂದೊಂದ ಬೆರಳು ಮಡಚಿ ಲೆಕ್ಕಾ ಹೇಳಿದ. 1986ರಾಗ 'ಮಾಸ್ಟರ್ ಆಫ್ ಪಪೆಟ್ಸ್' ಅಂತ ಭಾರೀ ಆಲ್ಬಮ್ ಬಂತು. ಅದ ವರ್ಷ ಸಪ್ಟಂಬರದಾಗ ಸ್ವೀಡನ್ ದೇಶದಾಗ ಇವರ ಬಸ್ ಪಲ್ಟಿ ಆಗಿ ಬೇಸ್ ಗಿಟಾರಿನ ಹುಡುಗ ಕ್ಲಿಫ್ ಬರ್ಟನ್ ತೀರಿಕೊಂಡ, ಬರೇ 24 ವರ್ಷ. 1988ರ ಆಲ್ಬಮ್‌ದಾಗ ಹೊಸದಾಗಿ ಬಂದಾವನ ಬೇಸ್ ಕಿವಿಗಿ ಕೇಳಸೂದ ಇಲ್ಲ. ಭಜನ್ಯಾಗ ತಬಲಾದ ಡಗ್ಗಾಕ್ಕ ಅರಿವಿ ಹೊಚ್ಚಿ ಇಟ್ಟಂಗ. 1996ರಾಗ 'ಲೋಡ್' ಬಂತು. ಉದ್ದ ಕೂದಲಾ ಕತ್ತರಿಸಿಕೊಂಡು, ಹಾಡಿನ ಧಾಟಿನೂ ಬದಲಿ ಮಾಡ್ಯಾರ ಅಂತ ಮಂದಿ ಬೈದ್ರು. 2003ರ 'ಸೇಂಟ್ ಆಂಗರ್'ದಾಗ ಗಿಟಾರಿನ ಸೋಲೋ ಒಂದೂ ಇಲ್ಲ, ಡ್ರಮ್ ಅಂತೂ ಖಾಲಿ ಕೊಡಪಾನ ಬಡದಂಗ ಟಣ್ ಟಣ್ ಅಂತದ. ಅದನ್ನ ನನಗ ಕೇಳಿಸಿದಾಗ ನಮ್ಮ ನಳದ ಮುಂದಿನ ಪಾಳಿ ನೆನಪಾತು. 2008ರದ್ದು ಹಾಡೇನೋ ಚೊಲೋ, ಆದ್ರ ದನಿ ಎಷ್ಟು ಏರಿಸಿದ್ರಂದ್ರ ಖಾರಪುಡಿ ಹೆಚ್ಚಾದ ಪಲ್ಯಾದಂಗ, ಬ್ಯಾರೆ ರುಚಿನ ನಾಲಿಗಿಗಿ ಹತ್ತೂದಿಲ್ಲ.

"ಹಂಗಿದ್ರ ಈ ಸಲ ಯಾಕಪಾ ಇಷ್ಟ ಆಸೆ ಇಟಗೊಂಡಿ?" ಅಂದೆ.

"ಹಿಂದಿನ ನವಂಬರದಾಗ ಒಂದು ಹಾಡು ಮೊದಲ ಬಿಟ್ಟಿದ್ರು ಯವ್ವಾ, 'ಲಕ್ಸ್ ಎಟರ್ನಾ' ಅಂತ. ಮೂರೂವರಿ ನಿಮಿಷದ್ದು. ಹಳೇದರಂಗ ಚುರುಕ ಇತ್ತು. ಎಲ್ಲಾ ಹಂಗ ಇರ್ತಾವ ಅನಕೊಂಡೆ. ಉಳಿದದ್ದೆಲ್ಲಾ ಜಗ್ಗಿ ಜಗ್ಗಿ ಉದ್ದ ಮಾಡ್ಯಾರ. ಅರ್ಧಾ ಕಡಿದಿದ್ರ ಚೊಲೋ ಆಗ್ತಿತ್ತು."

ಕಾಕು ಕೋಲ ಎತ್ತಿ ತೋರಿಸಿ, "ಶ್ಯಾವಿಗಿ ಎಳಿ ಎಷ್ಟ ಉದ್ದ ಆದ್ರೂ ನಡೀತದ, ಹಾಡು ಹಂಗ ಆಗಬಾರದು ನೋಡಪಾ" ಅಂದ್ರು. ಆವಾಗ ಅವ ಸಣ್ಣಗ ನಕ್ಕ.

ಈ ಹುಚ್ಚು ಹತ್ತಿದ್ದು ಪಿಯುಸಿ ಓದಾಕ ವಿಜಯಪುರದ ಹಾಸ್ಟೆಲ್‌ದಾಗ ಇದ್ದಾಗ. ಗೆಳೆಯಾಂದು ಒಂದ ಇಯರ್‌ಫೋನ್, ಇಬ್ಬರ ಕಿವಿಗಿ ಒಂದೊಂದು ತುದಿ. 2011ರಾಗ ಇಂಜಿನಿಯರಿಂಗ್ ಓದಾಕ ಬೆಂಗಳೂರಿಗಿ ಹ್ವಾದ. ಆ ವರ್ಷ ದೀಪಾವಳಿಗಿ ಬಂದಾವ ಪಾಡ್ಯಾ ಮುಗಿಯೂದಕ್ಕ "ಪರೀಕ್ಷಾ ಅದ" ಅಂತ ಓಡಿ ಹ್ವಾದ. ನಾ ಪಾಪ ಓದ್ತಾನ ಅಂತ ಚಕ್ಕಲಿ, ಕರಚಿಕಾಯಿ ಕಟ್ಟಿ ಕಳಿಸಿದೆ. ಅಕ್ಟೋಬರ್ 30ಕ್ಕ ಬೆಂಗಳೂರಿನ ಅರಮನೆ ಮೈದಾನದಾಗ ಮೆಟಾಲಿಕಾ ಬಂದಿತ್ತು, ಅದ ಅವನ ಪರೀಕ್ಷಾ! ಎರಡ ದಿನಾ ಮೊದಲ ದಿಲ್ಲಿ ಬಾಜೂ ಗುರಗಾಂವದಾಗ ಆಗಬೇಕಾದ ಕಾರ್ಯಕ್ರಮ ನಿಂತು, ಸಿಟ್ಟಿಗೆದ್ದ ಮಂದಿ ವೇದಿಕಿ ಒಡದುಹಾಕಿತ್ತು. ಅದನ್ನ ಟೀವ್ಯಾಗ ನೋಡಿ "ಎಂಥಾ ಮಂದಿ ಇವರು" ಅಂತ ನಾನ ಬೈದಿದ್ದೆ. ನಮ್ಮ ಹುಡುಗ ಅಂಥಾ ಮಂದ್ಯಾಗ ಒಬ್ಬಾವ ಅಂತ ಯಾರಿಗಿ ಗೊತ್ತಿತ್ತು? ಟಿಕೀಟಿಗಿ ಎಷ್ಟ ಕೊಟ್ಟಿದ್ದ ಅನ್ನೂದು ನಾಲ್ಕ ವರ್ಷದ ಮ್ಯಾಲ ಹೇಳಿದ. ಅದನ್ನ ಇಲ್ಲಿ ಬರಿಯೂದಿಲ್ಲ, ಅವರಪ್ಪ ಇದನ್ನ ಓದ್ತಾರ.

ಶ್ಯಾವಿಗಿ ಎಲ್ಲಾ ಒಣಹಾಕಿ ಊಟಕ್ಕ ಕುಂತಾಗ, "72 ಅಂದ್ರ ಏನೋ?" ಅಂತ ಕೇಳಿದೆ.

"ಮನಷ್ಯಾನ ಮೊದಲಿನ 18 ವರ್ಷ ಯವ್ವಾ. ವರ್ಷಕ್ಕ ನಾಲ್ಕ ಋತು, 18 ವರ್ಷಕ್ಕ 72. ಆ 18 ವರ್ಷದಾಗ ಏನ ಕಂಡಿರ್ತೀವೋ ಅದನ್ನ ಮುಂದ ಸಾಯೂತನಕಾ ಹೊತಗೊಂಡು ತಿರುಗ್ತೀವಿ ಅಂತ ಅವರ ಮಾತು."

ನಾ ರೊಟ್ಟಿ ಮುರದಾಕಿ ಹಂಗ ಕುಂತೆ. ಅವರಿಗಿ ವರ್ಷಕ್ಕ ನಾಲ್ಕ ಋತು. ನಮಗ ಆರು. ನಮ್ಮ ಲೆಕ್ಕದಾಗ 18 ವರ್ಷಕ್ಕ 108 ಆಗ್ತಾವ. ಜಪಮಾಲ್ಯಾಗ ಎಷ್ಟ ಮಣಿ ಅದಾವೋ ಅಷ್ಟು. ನನ್ನ ಮಗಾ ಈ ಮನ್ಯಾಗ ಇದ್ದದ್ದೂ ಹೆಚ್ಚುಕಮ್ಮಿ ಅಷ್ಟ. ಆ 108ರಾಗ ಒಂದು ಮಣಿ ನನಗ ಇವತ್ತಿಗೂ ಸುಡತದ.

ನಮ್ಮ ಮಾವನೋರು ಭಜನಿ ಹಾಡ್ತಿದ್ರು. ಊರಾಗ ಹಳಬರಿಗೆಲ್ಲಾ ಗೊತ್ತದ. ಕಡಕೋಳ ಮಡಿವಾಳಪ್ಪನವರ ಪದಾ, ಶಿಶುನಾಳ ಶರೀಫರ ಪದಾ, ಒಂದ ಕೈಯಾಗ ಏಕತಾರಿ, ಇನ್ನೊಂದ ಕೈಯಾಗ ಚಿಟಿಕಿ. ಅಮವಾಸಿಗೊಮ್ಮಿ ರಾತ್ರಿ ಕುಂತ್ರ ಕೋಳಿ ಕೂಗೂತನಕಾ ಏಳ್ತಿದ್ದಿಲ್ಲ. ನಮ್ಮ ಹುಡುಗ ಅವರ ತೊಡಿ ಮ್ಯಾಲ ಮಲಗಿ ತಾಳಾ ಕಲತಾವ. ಅವನ ಗಿಟಾರಿನ ಹುಚ್ಚು ಹಾಸ್ಟೆಲ್‌ದಾಗ ಹುಟ್ಟಿದ್ದು ಅಂತ ಮ್ಯಾಲ ಬರದೀನಿ, ಆದ್ರ ಬೀಜ ಇಲ್ಲೇ ಬಿದ್ದಿತ್ತು.

ವಯಸ್ಸಾತು. ಮಾವನೋರ ದನಿ ಒಡೀತು. ಮ್ಯಾಲ ಏರಿಸಾಕ ಹ್ವಾದ್ರ ಕೆಮ್ಮ ಬರ್ತಿತ್ತು. ನುಡಿ ಮರೀತಿದ್ರು, ಹಾಡಿದ್ದ ಮತ್ತ ಹಾಡ್ತಿದ್ರು. ಮ್ಯಾಳದಾಗ ಹೊಸಾ ಹುಡುಗ್ರು ಬಂದಿದ್ರು. ಒಂದ ಅಮವಾಸಿ ಯಾರೋ, "ಅಜ್ಜಾ, ನೀವು ಆರಾಮ ಕುಂದರ್ರಿ, ನಾವು ಹಾಡ್ತೀವಿ" ಅಂದ್ರಂತ. ಮನಿಗಿ ಬಂದು ಯಾರಿಗೂ ಏನೂ ಹೇಳಲಿಲ್ಲ. ಪಡಸಾಲ್ಯಾಗ ಕುಂತು ಏಕತಾರಿ ಮೀಟಿ, ಒಬ್ಬರ ಸಣ್ಣ ದನಿಲೆ ಸುರು ಮಾಡಿದ್ರು. ಅದು 2009, ಹುಡುಗನ ಎಸ್ಸೆಸ್ಸೆಲ್ಸಿ ಪರೀಕ್ಷಾ ಹತ್ರ ಬಂದಿತ್ತು. ನಾ ಅಡಗಿಮನಿಯಿಂದ ಹೊರಗ ಬಂದು ಅಂದೆ: "ಮಾವಾರ, ಸಾಕು ಮಾಡ್ರಿ. ಹುಡುಗ ಓದಬೇಕು."

ಅವರು ಒಂದ ಮಾತು ಆಡಲಿಲ್ಲ. ಏಕತಾರಿ ಗೂಟಕ್ಕ ಹಾಕಿದ್ರು. ಮತ್ತ ಇಳಿಸಲಿಲ್ಲ. ಮರುವರ್ಷ ಮಳಿಗಾಲದಾಗ ತೀರಿಕೊಂಡ್ರು.

ಇದನ್ನ ಹದಿನಾಲ್ಕ ವರ್ಷ ಯಾರ ಮುಂದೂ ಹೇಳಿದ್ದಿಲ್ಲ. ಅವತ್ತ ಊಟಕ್ಕ ಕುಂತಾಗ ಮಗನ ಮುಂದ ಹೇಳಿಬಿಟ್ಟೆ. "ನೀ ಮುಂಜಾನಿ ಸಾಕು ಮಾಡಬೇಕು ಅಂದೆಲ್ಲ, ಅದ ಮಾತು ತಮ್ಮಾ, ನಾ ನಿಮ್ಮ ಅಜ್ಜಗ ಅಂದದ್ದು. ನಿನ್ನ ಪರೀಕ್ಷಾ ಒಂದು ನೆವಾ ಇತ್ತು. ಖರೇ ಅಂದ್ರ ಆ ದನಿ ನನಗ ಕೇಳಾಕ ಆಗ್ತಿದ್ದಿಲ್ಲ."

ಅವ ಎಷ್ಟೋ ಹೊತ್ತು ತಾಟ ನೋಡಿಕೋತ ಕುಂತ. ಆಮ್ಯಾಲ, "ನನಗ ಗೊತ್ತದ ಯವ್ವಾ. ನೀ ಹೊರಗ ಬರೂಕಿಂತ ಮೊದಲ ನಾನ ಖೋಲಿ ಬಾಗಲಾ ಮುಂದ ಮಾಡಿದ್ದೆ. ಅಜ್ಜ ನನ್ನ ಮಾರಿ ನೋಡಿದ್ದ" ಅಂದ.

ತಾಯಿ ಮಗಾ ಇಬ್ರೂ ಒಂದ ತಪ್ಪು ಬ್ಯಾರೆ ಬ್ಯಾರೆ ಗಂಟು ಕಟ್ಟಿ ಇಟಗೊಂಡಿದ್ವಿ.

ನಮಗ ಮಾವನೋರ ಮ್ಯಾಲ ಪ್ರೀತಿ ಇದ್ದಿಲ್ಲೇನು? ಇತ್ತು. ಅದಕ್ಕ ಕೇಳಾಕ ಆಗಲಿಲ್ಲ. ಗುರುತಿಲ್ಲದಾವ ಕೆಟ್ಟ ಹಾಡಿದ್ರ ಎದ್ದು ಹೋಗ್ತೀವಿ, ಅಷ್ಟ. ನಮ್ಮಾವ ಕೆಟ್ಟ ಹಾಡಿದ್ರ ಎದಿ ಉರೀತದ. ಆ ದನಿ ಜೋಡಿ ನಮ್ಮವೂ ಒಂದಿಷ್ಟ ವರ್ಷ ಹೆಣಕೊಂಡಿರ್ತಾವ, ಅವೂ ಒಡದಂಗ ಕೇಳಸ್ತಾವ. ನನ್ನ ಮಗಾ ಬೇಡಿದ್ದು 59 ವರ್ಷದ ಮುದುಕನ ಹಾಡಲ್ಲ. ಅರಮನೆ ಮೈದಾನದಾಗ ನಿಂತ 18ರ ಹುಡುಗನ್ನ ತಿರುಗಿ ಕೊಡ್ರಿ ಅಂತ ಬೇಡಿದ. ಅದನ್ನ ಯಾವ ಮ್ಯಾಳ ಕೊಟ್ಟೀತು?

ಹಂಗಂತ ಆಲ್ಬಮ್ ಚೊಲೋ ಅದ ಅಂತ ಸುಳ್ಳ ಹೇಳಬೇಕಂತ ಅಲ್ಲ. ಉದ್ದ ಆದದ್ದು ಉದ್ದನ. ಮುಂದ 2024ರಾಗ ಅದ ಹೆಸರಿನ ಹಾಡಿಗಿ ಗ್ರ್ಯಾಮಿ ಪ್ರಶಸ್ತಿ ಬಂದಾಗ ಫೋನ್ ಮಾಡಿದ್ರ, "ಪ್ರಶಸ್ತಿ ಬಂದ್ರ ಹಾಡು ಗಿಡ್ಡ ಆಗ್ತದೇನು ಯವ್ವಾ?" ಅಂದ. ಅವನ ಕಿವಿ, ಅವನ ರೊಕ್ಕ, ಅವ ಅನ್ನಬೇಕಾದ್ದ ಮಾತು. ನನಗ ತಿಳದದ್ದು ಇಷ್ಟ: ಪದಾ ಚಂದ ಆಗಿಲ್ಲ ಅನ್ನೂದು ಬ್ಯಾರೆ, ಹಾಡೂದ ಸಾಕು ಮಾಡು ಅನ್ನೂದು ಬ್ಯಾರೆ. ಮೊದಲನೇದ್ದು ಕೇಳಾವರ ಹಕ್ಕು. ಎರಡನೇದ್ದು ನಮ್ಮ ಕೈಯಾಗಿನ ಮಾತಲ್ಲ.

ಅವತ್ತ ರಾತ್ರಿ ಕರೆಂಟ್ ಹೋಗಿತ್ತು. ಮಾಳಗಿ ಮ್ಯಾಲ ಹಾಸಿಕೊಂಡು ಮಲಗಿದಾಗ ಅವ ಫೋನಿನಾಗ ಒಂದು ಹಾಡು ಹಚ್ಚಿದ. ಗಿರಣಿ ಸದ್ದ ಇಲ್ಲ, ಮೆತ್ತಗಿನ ಹಾಡು. 'ಮಾಮಾ ಸೆಡ್' ಅಂತ. ಆ ಹೆಟ್‌ಫೀಲ್ಡ್‌ಗ 16 ವರ್ಷ ಇದ್ದಾಗ ತಾಯಿ ಕ್ಯಾನ್ಸರ್‌ದಾಗ ತೀರಿಕೊಂಡ್ಲಂತ. ಅವರ ಪಂಥದಾಗ ಔಷಧ ತಗೋಳೂದಿಲ್ಲ, ದೇವರ ಮ್ಯಾಲ ಭಾರ ಹಾಕಿ ಕುಂದರತಾರಂತ. ತಾಯಿ ಇದ್ದಾಗ ದೂರ ಹ್ವಾದ ಮಗಾ ತಿರುಗಿ ಮನಿಗಿ ಬರೂದ್ರಾಗ ತಡಾ ಆಗಿತ್ತು ಅನ್ನೂದು ಆ ಹಾಡಿನ ಅರ್ಥ ಅಂತ ಬಿಡಿಸಿ ಹೇಳಿದ. ನನಗ ಭಾಷಾ ತಿಳೀಲಿಲ್ಲ, ಸಂಕಟ ತಿಳೀತು.

"ಇದು ಯಾವ ಆಲ್ಬಮ್‌ದ್ದೋ?"

ಅವ ಸ್ವಲ್ಪ ಸುಮ್ಮನಿದ್ದು, "'ಲೋಡ್' ಯವ್ವಾ. ಮಂದಿ ಬೈದಿದ್ರು ಅಂದೆನಲ್ಲ, ಅದ" ಅಂದ.

ಮಂದಿ ಬೈತಾರಂತ ಅವತ್ತ ಅವರು ಸಾಕು ಮಾಡಿದ್ರ ಈ ಹಾಡು ನಮ್ಮ ಮಾಳಗಿ ತನಕಾ ಬರ್ತಿದ್ದಿಲ್ಲ. ಮಾವನೋರದು ಒಂದ ಪದಾನೂ ನಮ್ಮಲ್ಲಿ ಉಳದಿಲ್ಲ. ಆವಾಗ ನಮ್ಮಲ್ಲಿ ಅಂಥಾ ಫೋನ್ ಇದ್ದಿಲ್ಲ. ಇದ್ದಿದ್ರೂ, ದನಿ ಚೊಲೋ ಇಲ್ಲ ಅಂತ ರೆಕಾರ್ಡ್ ಮಾಡ್ತಿದ್ದಿಲ್ಲ. ಈಗ ಆ ಒಡಕ ದನಿದು ಒಂದ ನುಡಿ ಸಿಕ್ಕರೂ ಸಾಕು ಅನಸ್ತದ.

ರವಿವಾರ ಸಂಜಿಕ ಅವ ಎರಡ ಕಿಲೋ ಶ್ಯಾವಿಗಿ ಕಟಗೊಂಡು ಬಸ್ ಹತ್ತಿದ. ನಾ ಮರುವಾರ ತವರಿಗಿ ಹ್ವಾದೆ. ನಮ್ಮ ಅವ್ವಗ ಈಗ 78. ಬೀಸುಕಲ್ಲಿನ ಪದಾ ಹಾಡಾಕಿ. ಕಲ್ಲು ಯಾವಾಗೋ ಹಿತ್ತಲಕ್ಕ ಹೋಗ್ಯಾದ, ಪದಾ ಬಾಯಾಗ ಅದಾವ. "ನನ್ನ ದನಿ ಎಲ್ಲೈತಿ ಈಗ, ಬ್ಯಾಡ ಬಿಡ" ಅಂದ್ಲು. "ಇದ್ದಂಗ ಹಾಡು" ಅಂದು ಮುಂದ ಫೋನ್ ಇಟ್ಟೆ. ಒಟ್ಟು ಒಂಬತ್ತು ಪದಾ ಆಗ್ಯಾವ. ನಾಲ್ಕನೇ ಪದದಾಗ ನುಡಿ ಮರತು ಬೈಕೋತಾಳ, ಏಳನೇದರಾಗ ಭಾಳ ಹೊತ್ತು ಕೆಮ್ಮತಾಳ. ಮಗಾ ಅದನ್ನ ಕೇಳಿ, "ಕೆಮ್ಮ ತಗದು ಸಾಫ್ ಮಾಡಿ ಕೊಡ್ಲೇನು?" ಅಂದ.

ಬ್ಯಾಡ, ಹಂಗ ಇರ್ಲಿ ಅಂದೀನಿ.