ಎಳೆಯರಿಗೆ ಸಂಗೀತಗುರುವಿನ ಆಯ್ಕೆ: ವಚನದ ಬೆಳಕಿನಲ್ಲಿ ಒಂದು ಚಿಂತನೆ

ವಿಶ್ವಗುರು ಬಸವಣ್ಣನವರು ಸಂಗೀತವನ್ನು ನೆನೆದು ನುಡಿದ ಎರಡು ವಚನಗಳು ಜನಜನಿತವಾಗಿವೆ. ಒಂದರಲ್ಲಿ ಅವರು ತಮ್ಮ ಶರೀರವನ್ನೇ ವೀಣೆಯಾಗಿಸಿಕೊಂಡು, ಎದೆಗೆ ಆನಿಸಿಕೊಂಡು ನುಡಿಸೆಂದು ಕೂಡಲಸಂಗಮದೇವನನ್ನು ಬೇಡುತ್ತಾರೆ. ಮತ್ತೊಂದರಲ್ಲಿ ತಮಗೆ ತಾಳದ ಲೆಕ್ಕವಾಗಲಿ ಛಂದಸ್ಸಿನ ಗಣಗಳಾಗಲಿ ತಿಳಿಯದೆಂದೂ, ಒಲುಮೆ ನಡೆಸಿದ ಹಾಗೆ ಹಾಡುವೆನೆಂದೂ ವಿನಯದಿಂದ ನಿವೇದಿಸುತ್ತಾರೆ. ಮಕ್ಕಳನ್ನು ಸಂಗೀತಕ್ಕೆ ಹಚ್ಚಬೇಕೆಂಬ ತಂದೆತಾಯಿಗಳು ಈ ಎರಡನ್ನೂ ಜೊತೆಗಿಟ್ಟು ಮನನ ಮಾಡುವುದು ಒಳಿತು.

ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಯ ಕಿವಿ ಮೊದಲಿನಿಂದಲೂ ಹಾಡಿಗೆ ತೆರೆದದ್ದು. ಶ್ರೀಕೃಷ್ಣ ಪಾರಿಜಾತವನ್ನು ಜನಪ್ರಿಯಗೊಳಿಸಿದ ಕುಳಗೋಡ ತಮ್ಮಣ್ಣನವರೂ ಆ ಆಟದಿಂದ ಹೆಸರಾದ ಕೌಜಲಗಿ ನಿಂಗಮ್ಮನವರೂ ಈ ನೆಲದವರೇ. ಶ್ರಾವಣದ ಪ್ರವಚನ, ಊರ ಭಜನಾ ಮೇಳಗಳಲ್ಲಿ ಎಳೆಯ ಕೊರಳೊಂದು ವಚನ ಹಾಡಿದರೆ ನೆರೆದವರೆಲ್ಲ ತಲೆದೂಗುತ್ತಾರೆ. ಆ ಮೇಲೆ ಮನೆಯವರಿಗೆ ಪ್ರಶ್ನೆ ಎದುರಾಗುತ್ತದೆ: ಈ ಕೂಸನ್ನು ಎಲ್ಲಿ, ಯಾರ ಬಳಿ ಕಲಿಯಲು ಬಿಡಬೇಕು? ಕೆಲವರು ಎರಡನೆಯ ವಚನವನ್ನು ಮುಂದಿಟ್ಟು, ಭಕ್ತಿಯೊಂದಿದ್ದರೆ ಸಾಕು, ಶಾಲೆಯೇಕೆ ಎನ್ನುತ್ತಾರೆ. ಅಣ್ಣನವರ ವಿನಯವನ್ನು ನಮ್ಮ ಆಲಸ್ಯಕ್ಕೆ ಆಧಾರವಾಗಿಸಿಕೊಳ್ಳುವುದು ತರವಲ್ಲ. ಶರಣ ಕಿನ್ನರಿ ಬ್ರಹ್ಮಯ್ಯನವರಿಗೆ ಕಿನ್ನರಿ ನುಡಿಸುವುದೇ ಕಾಯಕವಾಗಿತ್ತು. ಕಾಯಕವೆಂದ ಮೇಲೆ ಅದಕ್ಕೆ ಅಭ್ಯಾಸವೂ ಶುದ್ಧಿಯೂ ಬೇಕು.

ವೀಣೆಯ ವಚನದ ಅರ್ಥ ವಾದ್ಯ ಕಟ್ಟುವವರ ಅಂಗಳದಲ್ಲಿ ಇನ್ನಷ್ಟು ತಿಳಿಯಾಗುತ್ತದೆ. ಘಟಪ್ರಭಾ ನಿಲ್ದಾಣದಿಂದ ರೈಲು ಹತ್ತಿದರೆ ಮಿರಜ ದೂರವಲ್ಲ. ಅಲ್ಲಿಯ ಸಿತಾರ, ತಂಬೂರಿಗಳಿಗೆ 2024ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆಯೂ ದೊರೆತಿದೆ. ಬಳ್ಳಿಯಲ್ಲಿ ಬಲಿತ ಸೋರೆಯನ್ನು ಒಣಗಿಸಿ, ಒಳಗಿನ ತಿರುಳು ತೆಗೆದು, ದಂಡಿ ಜೋಡಿಸಿ, ತಂತಿ ಬಿಗಿಯುತ್ತಾರೆ. ತಂತಿ ಮತ್ತು ಕುದುರೆಯ ನಡುವೆ ನೂಲಿನ ಎಳೆಯೊಂದನ್ನು ಸೇರಿಸಿ ಹಿಂದೆ ಮುಂದೆ ಸರಿಸುತ್ತ ನಾದ ತುಂಬಿ ಬರುವ ತಾಣವನ್ನು ಹುಡುಕುತ್ತಾರೆ. ಆ ನೂಲಿಗೆ ‘ಜೀವಾ’ ಎಂದೇ ಹೆಸರು. ಸೋರೆ ತಾನಾಗಿ ತಂಬೂರಿಯಾಗದು; ಅತಿಯಾಗಿ ಬಿಗಿದರೆ ತಂತಿ ಹರಿಯುತ್ತದೆ, ಸಡಿಲಬಿಟ್ಟರೆ ನುಡಿಯದು. ಎಳೆಯ ಕೊರಳೂ ಹಾಗೆಯೇ. ಅದನ್ನು ಹದಗೊಳಿಸುವ ಕೈ ಯಾವುದು ಎಂಬುದೇ ಆಯ್ಕೆಯ ತಿರುಳು.

ಬೆಳಗಾವಿ ಜಿಲ್ಲೆಯ ಸುಳೇಭಾವಿಯಲ್ಲಿ 1924ರಲ್ಲಿ ಜನಿಸಿದ ಶಿವಪುತ್ರ ಸಿದ್ರಾಮಯ್ಯ ಕೊಂಕಾಳಿಮಠ ಎಂಬ ಬಾಲಕ ದೊಡ್ಡ ಗವಾಯಿಗಳ ಗ್ರಾಮಫೋನ್ ತಟ್ಟೆಗಳನ್ನು ಕೇಳಿ ಅವರಂತೆಯೇ ಹಾಡಿ ಬೆರಗು ಹುಟ್ಟಿಸುತ್ತಿದ್ದ. ಅವರೇ ಪಂಡಿತ ಕುಮಾರ ಗಂಧರ್ವರು. ಸಭೆಗಳು ಆ ಬಾಲಕನನ್ನು ಮೆಚ್ಚಿದ್ದವು. ಆದರೂ ಹನ್ನೊಂದು ಹನ್ನೆರಡರ ವಯಸ್ಸಿನಲ್ಲಿ ಅವರು ಮುಂಬಯಿಯ ಬಿ. ಆರ್. ದೇವಧರರ ಶಾಲೆಗೆ ಸೇರಿದರು. ಅನ್ಯರ ದನಿಯನ್ನು ಅನುಕರಿಸುವ ಶಕ್ತಿ ಬೇರೆ, ತನ್ನ ದನಿಯನ್ನು ಅರಿಯುವ ಶಿಕ್ಷಣ ಬೇರೆ. ಮೊಬೈಲಿನಲ್ಲಿ ಕೇಳಿದ್ದನ್ನು ಒಪ್ಪಿಸುವ ಇಂದಿನ ಮಕ್ಕಳ ಪಾಲಕರಿಗೆ ಇದು ಮನನೀಯ. ಪಂಡಿತ ಮಲ್ಲಿಕಾರ್ಜುನ ಮನ್ಸೂರರೂ ಬಾಲ್ಯದಲ್ಲಿ ನಾಟಕ ಕಂಪನಿಯ ರಂಗದಿಂದ ಮಿರಜದ ನೀಲಕಂಠಬುವಾ ಆಲೂರಮಠರ ಬಳಿಗೆ ಬಂದು ಹಲವು ವರ್ಷ ಕಲಿತರು. ಅಂಧ ಬಾಲಕ ಪಂಚಾಕ್ಷರಿಯವರಲ್ಲಿ ನಾದವಿದೆಯೆಂದು ಗುರುತಿಸಿ ವಿದ್ಯೆ ಕೊಡಿಸಿದವರು ಹಾನಗಲ್ಲ ಕುಮಾರ ಸ್ವಾಮಿಗಳು. ಆ ಬೀಜವೇ ಗದಗಿನ ವೀರೇಶ್ವರ ಪುಣ್ಯಾಶ್ರಮವಾಗಿ ಬೆಳೆದು, ಪುಟ್ಟರಾಜ ಗವಾಯಿಗಳ ಕಾಲದಲ್ಲಿ ಅಸಂಖ್ಯ ಅಂಧರಿಗೂ ಅನಾಥರಿಗೂ ಅನ್ನ, ಆಸರೆ, ಸಂಗೀತಗಳನ್ನು ನೀಡಿತು.

ಮೂಡಲಗಿ ಕಡೆಯ ರೈತನೊಬ್ಬನಿಗೆ ಹತ್ತು ವರ್ಷದ ಮಗಳು. ಅವಳನ್ನು ಆತ ಸಮೀಪದ ಪಟ್ಟಣದ ದೊಡ್ಡ ತರಗತಿಯೊಂದಕ್ಕೆ ಸೇರಿಸಿದ್ದ. ಗೋಡೆಯ ತುಂಬ ಪ್ರಶಸ್ತಿಪತ್ರಗಳು, ವರ್ಷಕ್ಕೆರಡು ವೇದಿಕೆ. ಮೂವತ್ತು ಮಕ್ಕಳು ಪೇಟಿಯ ಒಂದೇ ಶ್ರುತಿಗೆ ಕೂಡಿ ಹಾಡಬೇಕು. ತನ್ನ ಕೊರಳಿಗೆ ಮೀರಿದ ಶ್ರುತಿಯಲ್ಲಿ ಒತ್ತಿ ಹಾಡಿದ ಹುಡುಗಿಯ ದನಿ ತಿಂಗಳೊಪ್ಪತ್ತಿನಲ್ಲಿ ಒಡೆಯಿತು. ಹಾಡೆಂದರೆ ಬಾಯಿ ಬಿಡದಾದಳು. ಬಳಿಕ ಹುಕ್ಕೇರಿ ಕಡೆಯ ಹಳ್ಳಿಯೊಂದರ ವಯೋವೃದ್ಧ ಗುರುಗಳ ಬಳಿಗೆ ಕರೆದೊಯ್ದ. ಅವರು ತಂಬೂರಿ ಮೀಟುತ್ತ, “ತಂಗೆವ್ವಾ, ಮೊದಲ ನಿನ್ನ ಸಾ ಎಲ್ಲಿ ಐತಿ ಹುಡುಕೋಣ ಬಾ. ಪೇಟಿ ಆಮ್ಯಾಗ ನೋಡೋಣು” ಎಂದರಂತೆ. ಆ ದಿನ ಪಾಠವೆಂದರೆ ಷಡ್ಜವೊಂದೇ. ಭಾನುವಾರಕ್ಕೊಮ್ಮೆ ಎರಡು ಬಸ್ಸು ಬದಲಿಸಿ ಹೋಗಬೇಕು, ವೇದಿಕೆಯ ಮಾತಿಲ್ಲ. ಆದರೂ ರೈತ ಆ ದಾರಿಯನ್ನೇ ಆರಿಸಿಕೊಂಡ. ಆರು ತಿಂಗಳ ಮೇಲೆ ಮಗಳು ದನ ಕಾಯುವಾಗಲೂ ಅಲಂಕಾರಗಳನ್ನು ಗುನುಗುತ್ತಾಳೆಂದು ಅವಳ ತಾಯಿ ಹೇಳಿಕೊಂಡರು.

ದೊಡ್ಡ ಶಾಲೆಗಳೆಲ್ಲ ಕೆಟ್ಟವು, ಸಣ್ಣವೆಲ್ಲ ಒಳ್ಳೆಯವು ಎಂದು ಇದರ ತಾತ್ಪರ್ಯವಲ್ಲ. ಪಾಲಕರು ಶುಲ್ಕ ಕೊಡುವ ಮುನ್ನ ಒಂದೆರಡು ದಿನ ಪಾಠ ನಡೆಯುವಲ್ಲಿ ಕುಳಿತು ನೋಡಬೇಕು. ಗುರುಗಳು ಪ್ರತಿಯೊಂದು ಮಗುವನ್ನೂ ಒಂಟಿಯಾಗಿ ಹಾಡಿಸಿ ಕೇಳುವರೇ? ಅದರ ಕೊರಳಿಗೆ ಹೊಂದುವ ಶ್ರುತಿ ಹಿಡಿಯುವರೇ? ಗಂಡುಮಕ್ಕಳಿಗೆ ಹದಿಮೂರು ಹದಿನಾಲ್ಕರಲ್ಲಿ ದನಿ ಒಡೆದಾಗ ಶ್ರುತಿ ಇಳಿಸಿ ಕಾಯುವ ತಾಳ್ಮೆ ಇದೆಯೇ? ಸ್ವರಸಾಧನೆ ಗಟ್ಟಿಯಾದ ಮೇಲೆ ಭೂಪ, ದುರ್ಗಾದಂಥ ರಾಗಗಳಿಗೆ ಸಾಗುವರೋ, ವೇದಿಕೆಗಾಗಿ ನಾಲ್ಕು ಹಾಡು ಬಾಯಿಪಾಠ ಮಾಡಿಸುವರೋ? ತಪ್ಪಿದಾಗ ತಿದ್ದುವರೋ, ಹಂಗಿಸುವರೋ? ಜಾತಿ, ಸ್ಥಿತಿ, ಹೆಣ್ಣು ಗಂಡೆಂಬ ಭೇದವಿಲ್ಲದೆ ಎಲ್ಲರನ್ನೂ ಒಂದೇ ಚಾಪೆಯ ಮೇಲೆ ಕೂರಿಸುವರೇ? ಗಾಂಧರ್ವ ಮಹಾವಿದ್ಯಾಲಯ ಮಂಡಲದ ಪ್ರಾರಂಭಿಕ, ಪ್ರವೇಶಿಕಾ ಪರೀಕ್ಷೆಗಳು ಪ್ರಯೋಜನಕರವೇ. ಆದರೆ ಅವು ದಾರಿಯ ಮೈಲಿಗಲ್ಲುಗಳು, ತಲುಪಬೇಕಾದ ಊರಲ್ಲ.

ಬಸವಣ್ಣನವರ ವೀಣೆಯ ವಚನ ಮುಗಿಯುವುದು ವಾದ್ಯವನ್ನು ಎದೆಗೊತ್ತಿಕೊಳ್ಳುವ ಪ್ರಾರ್ಥನೆಯಲ್ಲಿ. ದೂರದಿಂದ ನುಡಿಸುವ ದೇವರನ್ನು ಅವರು ಬೇಡಲಿಲ್ಲ. ಮಗುವಿನ ಮೊದಲ ಗುರುವಿನಲ್ಲಿ ನಾವು ಅರಸಬೇಕಾದದ್ದೂ ಈ ಸಾಮೀಪ್ಯವನ್ನೇ. ಎದೆಗೆ ಹತ್ತಿರವಿಟ್ಟುಕೊಂಡು ಶ್ರುತಿ ಕೂಡಿಸುವವರು ದೊರೆತರೆ, ತಾಳವೂ ಲೆಕ್ಕವೂ ಕ್ರಮವಾಗಿ ಬರುತ್ತವೆ. ಅವೆಲ್ಲ ಬಂದ ಬಳಿಕ, ಒಲುಮೆಯಿಂದ ಹಾಡುವೆನೆಂಬ ವಿನಯದ ಮಾತೂ ಆ ಮಗುವಿಗೆ ತಾನಾಗಿ ಅರ್ಥವಾದೀತು.