ಎದೆಯ ಕಾವಲುಗಾರ

ಸಕಲೇಶಪುರದಿಂದ ಸುಬ್ರಹ್ಮಣ್ಯದ ಕಡೆಗೆ ಘಟ್ಟವಿಳಿಯುವ ರೈಲುಹಾದಿಯು 57 ಸುರಂಗಗಳನ್ನು ಹಾಯ್ದು ಹೋಗುತ್ತದೆ. ಹಾಸನ ಮಂಗಳೂರುಗಳನ್ನು ಕೂಡಿಸಿ 1979ರಲ್ಲಿ ತೆರೆದ ಈ ಮಾರ್ಗದಲ್ಲಿ, ದಟ್ಟಡವಿಯ ನಡುವೆ ಇರುವ ನಿಲ್ದಾಣವೇ ಎಡಕುಮೇರಿ. ಅಲ್ಲಿ ಮಳೆಗಾಲದಲ್ಲಿ ಹಳಿ ಕಾಯುವವನಿಗೆ ಕಣ್ಣಿಗಿಂತಲೂ ಕಿವಿಯೇ ಮುಖ್ಯವಾದ ಸಾಧನವು. ಜಡಿಮಳೆಯ ಮೊರೆತದಲ್ಲಿ ಬಂಡೆಯುರುಳಿದ ಸದ್ದೊಂದನ್ನು ಆತನು ಬೇರ್ಪಡಿಸಿ ತಿಳಿಯಬೇಕು. ಎಲ್ಲ ಸದ್ದಿಗೂ ಕೆಂಪುದೀಪ ತೋರಿದರೆ ಗಾಡಿ ನಡೆಯದು. ಯಾವ ಸದ್ದಿಗೂ ತೋರದಿದ್ದರೆ ಗಾಡಿ ಉಳಿಯದು.

ಅಲ್ಲಿ ಬಹುಕಾಲ ಹಳಿ ಕಾದ ವೃದ್ಧನೊಬ್ಬನಿಗೆ ನಾಡಿಯು ಮಂದವಾಗಲು, ವೈದ್ಯರು ಎಡ ಎದೆಯ ಚರ್ಮದಡಿಯಲ್ಲಿ ಪೇಸ್‌ಮೇಕರ್ ಯಂತ್ರವನ್ನಿರಿಸಿದರು. ಕೆಲವು ತಿಂಗಳ ಮೇಲೆ, ಎಡಗೈಯಿಂದ ಭಾರವೆತ್ತಿದಾಗಲೆಲ್ಲ ಅವನಿಗೆ ಕಣ್ಣು ಕತ್ತಲಿಡತೊಡಗಿತು. ಯಂತ್ರವೇ ಕೆಟ್ಟಿತೆಂದು ಬಗೆದ ಮಗನು ಇದ್ದ ಏಲಕ್ಕಿ ತೋಟವನ್ನು ಅಡವಿಡಲು ಮುಂದಾದನು. ತಂದೆಯು, “ಮತ್ತೆ ಕೊಯ್ಯುವುದು ಬೇಡ, ತೋಟವೂ ಹೋಗುವುದು ಬೇಡ” ಎಂದು ಹಟ ಹಿಡಿದನು.

1958ರಲ್ಲಿ ಸ್ಟಾಕ್‌ಹೋಮ್ ನಗರದಲ್ಲಿ ಎಲ್ಮ್‌ಕ್ವಿಸ್ಟ್ ನಿರ್ಮಿಸಿದ ಯಂತ್ರವನ್ನು ಸೆನ್ನಿಂಗ್ ಎಂಬ ಶಸ್ತ್ರವೈದ್ಯನು ಮೊದಲ ಬಾರಿಗೆ ಮಾನವ ದೇಹದೊಳಗೆ ಇರಿಸಿದನು. ಆ ಯಂತ್ರಕ್ಕೆ ಬಾಯಿಯಿತ್ತು, ಕಿವಿಯಿರಲಿಲ್ಲ. ಹೃದಯವು ತಾನೇ ಮಿಡಿದರೂ ಬಿಟ್ಟರೂ ಅದು ತನ್ನ ಪಾಡಿಗೆ ಮಿಡಿಸುತ್ತಿತ್ತು. ಹೃದಯದ ಮಿಡಿತವನ್ನು ಕೇಳಿ, ಮಿಡಿದಾಗ ಮೌನವಾಗಿದ್ದು, ತಪ್ಪಿದಾಗ ಮಾತ್ರ ನೆರವಾಗುವ ಯಂತ್ರವು 1960ರ ದಶಕದಲ್ಲಿ ಬರ್ಕೊವಿಟ್ಸ್ ಎಂಬವನಿಂದ ರೂಪುಗೊಂಡಿತು. ಆದರೆ ಹೃದಯದ ಪಿಸುಮಾತು ಒಂದು ವೋಲ್ಟಿನ ಸಾವಿರದಲ್ಲಿ ಕೆಲವೇ ಅಂಶದಷ್ಟು. ಎದೆಯ ಮಾಂಸಖಂಡಗಳೂ ಬಿಗಿದಾಗ ವಿದ್ಯುತ್ತನ್ನು ಹುಟ್ಟಿಸುವುವು. ಅದನ್ನೇ ಹೃದಯದ ದನಿಯೆಂದು ಭ್ರಮಿಸಿದ ಯಂತ್ರವು ಸುಮ್ಮನಾದರೆ, ರೋಗಿಯು ಕುಸಿಯುವನು.

ವೈದ್ಯರು ವೃದ್ಧನಿಗೆ ಕೈಮುಗಿದು ಅಂಗೈಗಳನ್ನು ಬಲವಾಗಿ ಒತ್ತುವಂತೆ ಹೇಳಿದರು. ತೆರೆಯ ಮೇಲಿನ ರೇಖೆಯಲ್ಲಿ ಮಿಡಿತವು ಕ್ಷಣಕಾಲ ಅಡಗಿತು, ಕಾರಣವು ತಿಳಿಯಿತು. ಅದುವರೆಗೆ ಯಂತ್ರವು ತಂತಿಯ ತುದಿಗೂ ಎದೆಯ ಮೇಲಿನ ತನ್ನ ಪೆಟ್ಟಿಗೆಗೂ ನಡುವಣ ಸದ್ದೆಲ್ಲವನ್ನೂ ಆಲಿಸುತ್ತಿತ್ತು. ಹೃದಯದೊಳಗೇ ಇರುವ ತುದಿಗೂ ಅದರ ಸಮೀಪದ ಉಂಗುರಕ್ಕೂ ನಡುವೆ ಮಾತ್ರ ಆಲಿಸುವಂತೆ ಅದನ್ನು ಹೊರಗಿನಿಂದಲೇ ತಿದ್ದಿದರು. ಹೃದಯದ ದನಿಯು ಸ್ಪಷ್ಟವಾಗಿ ಕೇಳುವುದನ್ನೂ ಪರೀಕ್ಷಿಸಿದರು. ವೃದ್ಧನು ಮತ್ತೆ ಕೈಮುಗಿದನು. ಈ ಸಲ ಮಿಡಿತವು ತಪ್ಪಲಿಲ್ಲ. ಕತ್ತಿ ಬೇಕಾಗಲಿಲ್ಲ, ತೋಟವು ಉಳಿಯಿತು.

ವೈದ್ಯರು ಸಂಗತಿಯನ್ನು ವಿವರಿಸಲು, ವೃದ್ಧನು ನಕ್ಕು ನುಡಿದನು: “ಘಟ್ಟಕ್ಕೆ ಬಂದ ಹೊಸ ಕಾವಲಿನವನಿಗೂ ಮೊದಲ ಮಳೆಗಾಲದಲ್ಲಿ ಸದ್ದೆಲ್ಲ ಬಂಡೆಯೇ. ಅವನನ್ನು ಕೆಲಸದಿಂದ ತೆಗೆಯುತ್ತಿರಲಿಲ್ಲ ಸ್ವಾಮಿ. ಎಲ್ಲಿ ನಿಂತು ಕೇಳಬೇಕೆಂದು ತೋರಿಸುತ್ತಿದ್ದೆವು.”